ಏಳನೇ ಕೋಣೆಯ ಪಥ್ಯ

ಜನವರಿ 9

ಗುಬ್ಬಿ,

ನಾನು ಗಟ್ಟಿಯಾಗಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ತಿನ್ನುತ್ತಿಲ್ಲ ಎಂದು ನನಗೆ ಗೊತ್ತು, ಆದ್ದರಿಂದ ಕೇಳುವುದಿಲ್ಲ. ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳೆಂದು ಗಾಬರಿಯಾಗಬೇಡ. ಈ ವೃದ್ಧಾಶ್ರಮದ ಅಡುಗೆಮನೆಯಲ್ಲಿ ನಿಂತು ಮಾತಾಡಿದರೆ ಪಾತ್ರೆ ತೊಳೆಯುವವಳಿಂದ ಮೇಟ್ರನ್‌ವರೆಗೆ ಎಲ್ಲರಿಗೂ ಕೇಳುತ್ತದೆ. ಇಪ್ಪತ್ತಾರು ಮುದುಕರಿಗೆ ಮೂರು ಹೊತ್ತು ಬೇಯಿಸುವವಳಿಗೆ ಹೊರಗೆ ಹೋಗಿ ಹರಟಲು ಪುರುಸೊತ್ತೂ ಇಲ್ಲ.

ವಿಷಯ ಇಷ್ಟೆ. ಬೆಳಿಗ್ಗೆ ಎದ್ದಾಗ ನನ್ನ ಬೆರಳ ಗಂಟುಗಳು ಹಿಡಿದುಕೊಂಡಿರುತ್ತವೆ. ಇಲ್ಲಿನ ಡಾಕ್ಟರು ಯಾರಿಗೋ ಹೇಳುತ್ತಿದ್ದರು, ಊಟದಲ್ಲಿನ ಕೊಬ್ಬು ಸರಿತೂಗಿದರೆ ಗಂಟಿನ ಊತ ಇಳಿಯುತ್ತದೆ, ತಪ್ಪಿದರೆ ಏರುತ್ತದೆ ಅಂತ. ನೀನು ಹನ್ನೊಂದು ವರ್ಷದಿಂದ ಪ್ರಯೋಗಾಲಯದಲ್ಲಿ ಕೂತು ಎಣ್ಣೆ ಪರೀಕ್ಷೆ ಮಾಡುವವಳು. ನಿನಗಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಯಾವುದು ಏರಿಸುತ್ತದೆ, ಯಾವುದು ಇಳಿಸುತ್ತದೆ, ಬಿಡಿಸಿ ಬರೆ. ಏರಿಸುವುದನ್ನು ಮೊದಲು ಬರೆ.

ಹೊಸ ಸುದ್ದಿಯೇನಿಲ್ಲ. ಏಳನೇ ಕೋಣೆಗೆ ಒಬ್ಬರು ಹೊಸದಾಗಿ ಬಂದಿದ್ದಾರೆ.

ಅಕ್ಕ

ಜನವರಿ 19

ಅಕ್ಕಾ,

ನಿನ್ನ ಕಾಗದ ನೋಡಿ ಅಳು ಬಂತು. ನೀನು ನಿನ್ನ ಮೈಗೆ ನೋವಾಗಿದೆ ಎಂದು ಹೇಳಿದ್ದು ಇದೇ ಮೊದಲು. ನನ್ನನ್ನು ಸಾಕಿದ ಕೈ ಅದು. ಎರಡು ಜೊತೆ ಉಣ್ಣೆಯ ಕೈಗವಸು ಕಳಿಸಿದ್ದೇನೆ, ತಣ್ಣೀರು ಮುಟ್ಟಿದ ಮೇಲೆ ಹಾಕಿಕೋ.

ಈಗ ಪಾಠ. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಎರಡು ಬಗೆಯ ಕೊಬ್ಬುಗಳಿವೆ. ಒಂದಕ್ಕೆ ಒಮೆಗಾ-6 ಅನ್ನುತ್ತಾರೆ, ಇನ್ನೊಂದಕ್ಕೆ ಒಮೆಗಾ-3. ಬೆರಳು ಕುಯ್ದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದಲ್ಲ, ಅದೇ ಉರಿಯೂತ. ಗಾಯ ಮಾಯಲು ಅದು ಬೇಕು. ಕೆಲಸ ಮುಗಿದ ಮೇಲೂ ಆರದೆ ಹೊಗೆಯಾಡುತ್ತ ಕೂತರೆ ಅದೇ ಕಾಯಿಲೆ. ಉರಿ ಹೊತ್ತಿಸುವ ಸಂದೇಶಗಳಲ್ಲಿ ಬಹುಪಾಲು ದೇಹಕ್ಕೆ ಒಮೆಗಾ-6ರಿಂದ ಸಿಗುತ್ತವೆ. ಒಮೆಗಾ-3ರಿಂದ ಸಿಗುವವು ಮೆತ್ತಗಿನವು, ಉರಿ ಆರಿಸುವವೂ ಅವುಗಳಲ್ಲಿವೆ. ನಾವೆಲ್ಲ ಮೊದಲನೆಯದನ್ನು ಸೌಟಿನಲ್ಲಿ ತಿನ್ನುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ಹಾಗೆಂದು ಸೂರ್ಯಕಾಂತಿ, ಮೆಕ್ಕೆಜೋಳದ ಎಣ್ಣೆ ವಿಷ ಎನ್ನುವವರ ಮಾತು ನಂಬಬೇಡ. ಅವುಗಳಲ್ಲಿ ಒಮೆಗಾ-6 ಹೆಚ್ಚು, ಆದರೆ ಅದೂ ಬೇಕು. ನಿಜವಾಗಿ ಕೆಟ್ಟದ್ದು ಎರಡು: ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆ, ಹಳೇ ಕಾಲದ ಗಟ್ಟಿ ವನಸ್ಪತಿ. ನೀನು ವಾರಕ್ಕೆ ಮೂರು ಸಲ ಬಂಗುಡೆಯಂಥ ಕೊಬ್ಬಿನ ಮೀನು ತಿನ್ನು. ದಿನಾ ಒಂದು ಚಮಚ ಅಗಸೆ ಬೀಜ ಪುಡಿ ಮಾಡಿ ತಿನ್ನು, ಒಂದು ಹಿಡಿ ಅಕ್ರೋಟು. ಅಗಸೆಯದು ಮೀನಿನಷ್ಟು ನೇರವಾಗಿ ಕೆಲಸ ಮಾಡುವುದಿಲ್ಲ, ಆದರೂ ಬಿಡಬೇಡ. ಕರಿದದ್ದನ್ನು ಕಡಿಮೆ ಮಾಡು. ಆತುರಪಡಬೇಡ, ಗುಣ ಕಾಣಲು ಕಡಿಮೆಯೆಂದರೂ ಮೂರು ತಿಂಗಳು. ಇದು ಔಷಧಿಯ ಜೊತೆಗೆ, ಔಷಧಿಯ ಬದಲಿಗೆ ಅಲ್ಲ.

ಏರಿಸುವುದನ್ನು ಮೊದಲು ಬರೆ ಎಂದೆಯಲ್ಲ, ಯಾಕೆ?

ಗುಬ್ಬಿ

ಫೆಬ್ರವರಿ 12

ಗುಬ್ಬಿ,

ಕೈಗವಸು ಬಂತು. ಪಾಠ ಬಂತು. ಎರಡೂ ಬೆಚ್ಚಗಿವೆ.

ನೀನು ಹೇಳಿದ್ದನ್ನು ಹದಿನೆಂಟು ದಿನದಿಂದ ತಪ್ಪದೆ ಮಾಡುತ್ತಿದ್ದೇನೆ. ಮೂರು ತಿಂಗಳು ಎಂದೆ, ನನಗೆ ಆಗಲೇ ಗುಣ ಕಾಣುತ್ತಿದೆ. ಬಲಗೈ ಹೆಬ್ಬೆರಳ ಬುಡ ಹಣ್ಣಾದ ಹಾಗೆ ಬಾತಿದೆ. ಚಮಚ ಜಾರುತ್ತದೆ. ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ, ಆಯಾ ಬಂದು ಹಾಕಬೇಕು. ಆ ಹಳೇ ಬಗೆಯ ಗಟ್ಟಿ ವನಸ್ಪತಿ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ, ಮಾರುಕಟ್ಟೆಯ ಹಿಂದಿನ ಬೇಕರಿಯವನ ಹತ್ತಿರ ಹಳೇ ಡಬ್ಬವೊಂದು ಸಿಕ್ಕಿತು.

ಬಹಳ ವರ್ಷದ ಮೇಲೆ ಅಡುಗೆ ಮಾಡುತ್ತ ಹಾಡು ಗುನುಗಿದೆ. ಪಾತ್ರೆ ತೊಳೆಯುವವಳು, "ಏನಕ್ಕಾ, ಲಾಟರಿ ಹೊಡೀತಾ?" ಅಂದಳು. "ಹೂಂ, ತಡವಾಗಿ ಹೊಡೀತು" ಅಂದೆ.

ಅಕ್ಕ

ಫೆಬ್ರವರಿ 21

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಊತ ಏರಿದ್ದಕ್ಕೆ ಗುಣ ಎಂದು ಯಾರೂ ಬರೆಯುವುದಿಲ್ಲ. ನೀನು ಅಂಗಿ ಹಾಕುವವಳಲ್ಲ. ನಿನಗೆ ಗುಂಡಿ ಹಾಕಲು ಆಯಾ ಬರುವುದಿಲ್ಲ. ಬೇಡ ಎಂದು ಬರೆದ ವನಸ್ಪತಿಯನ್ನೇ ಹುಡುಕಿಕೊಂಡು ಹೋಗಿದ್ದೀಯ.

ಇನ್ನೊಂದು ಮಾತು. ಊಟದ ಕೊಬ್ಬು ಹದಿನೆಂಟು ದಿನದಲ್ಲಿ ಯಾರ ಹೆಬ್ಬೆರಳನ್ನೂ ಹಾಗೆ ಊದಿಸುವುದಿಲ್ಲ. ಅದರ ಕೆಲಸ ನಿಧಾನ. ಬೇರೆ ಏನೋ ಆಗಿದೆ.

ಅದು ಯಾರ ಕೈ, ಅಕ್ಕಾ? ಏಳನೇ ಕೋಣೆಯಲ್ಲಿ ಯಾರಿದ್ದಾರೆ?

ಗುಬ್ಬಿ

ಮಾರ್ಚ್ 2

ಗುಬ್ಬಿ,

ಏಳನೇ ಕೋಣೆಯಲ್ಲಿ ಮ್ಯಾನೇಜರ್ ಇದ್ದಾನೆ.

ಆಗ ನಿನಗೆ ಆರು ವರ್ಷ, ನನಗೆ ಹದಿನೇಳು. ನಿನಗೆ ಅವನ ಮುಖ ನೆನಪಿರಲಾರದು. ನೂರನಲವತ್ತು ಹುಡುಗಿಯರ ಹಾಸ್ಟೆಲಿನಲ್ಲಿ ಅಮ್ಮ ದೊಡ್ಡ ಅಡುಗೆಯವಳು, ಅವನು ಮ್ಯಾನೇಜರ್. ಒಂದು ದಿನ ಮೇಲೆ ಚೀಟಿಯೇ ಇಲ್ಲದ ಎಣ್ಣೆ ಡಬ್ಬಗಳು ಬಂದವು, ಅವನ ಗೆಳೆಯನ ಗೋದಾಮಿನಿಂದ. ಅಮ್ಮ ಮುಚ್ಚಳ ತೆಗೆದು ಮೂಸಿ, "ಇದರ ವಾಸನೆ ಬೇರೆ ಇದೆ ಸಾರ್" ಅಂದಳು. ನಾನು ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತಿದ್ದೆ. ಅವನು ಅಂದದ್ದು ಇವತ್ತಿಗೂ ಕಿವಿಯಲ್ಲಿದೆ: "ನಿನ್ನ ಮೂಗಿಗೆ ಸಂಬಳ ಕೊಡ್ತಿಲ್ಲ, ಕೈಗೆ ಕೊಡ್ತಿರೋದು."

ಮೂರು ವಾರಕ್ಕೆ ಹುಡುಗಿಯರ ಕಾಲು ಬಾತವು. ಮೆಟ್ಟಿಲು ಹತ್ತಿದರೆ ಏದುಸಿರು. ಮೂವತ್ತೊಂದು ಜನ ಮಲಗಿದರು. ಒಂಬತ್ತು ವರ್ಷದವಳೊಬ್ಬಳು ಎದ್ದು ಕೂರಲಾರದೆ ಹೋದಾಗ ಗಾಡಿ ಬರಲಿಲ್ಲ ಎಂದು ಅಮ್ಮ ಅವಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಆ ಮಗು ಮಾರನೆಯ ದಿನ ಹೋಯಿತು. ವಿಚಾರಣೆಯಲ್ಲಿ ಮ್ಯಾನೇಜರ್ ಹೇಳಿದ, ಅಡುಗೆಯವಳು ಒಳ್ಳೇ ಎಣ್ಣೆ ಮನೆಗೆ ಸಾಗಿಸಿ ಹಳೇ ಸುಟ್ಟ ಎಣ್ಣೆಯಲ್ಲಿ ಬೇಯಿಸುತ್ತಿದ್ದಳು ಅಂತ. ಎರಡು ತಿಂಗಳು ಒಳಗಿಟ್ಟರು. ಸಾಕ್ಷಿ ಸಾಲದೆಂದು ಬಿಟ್ಟರು. ತಪ್ಪಿಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ.

ಮುಂದಿನದು ನಿನಗೆ ಗೊತ್ತಿದೆ. ದೊಡ್ಡಮ್ಮನ ಮನೆಯಲ್ಲಿ ಅಮ್ಮ ನಮಗೆ ಬಡಿಸುವ ಮೊದಲು ತಾನು ಒಂದು ತುತ್ತು ತಿಂದು ಅರ್ಧ ಗಂಟೆ ಗಡಿಯಾರ ನೋಡುತ್ತಿದ್ದಳು. ನೀನು ಅದನ್ನು ಆಟ ಎಂದುಕೊಂಡಿದ್ದೆ. ಹನ್ನೊಂದು ವರ್ಷ ಹಾಗೆಯೇ ಗಡಿಯಾರ ನೋಡಿ ಸತ್ತಳು.

ಈಗ ಅವನಿಗೆ ಎಪ್ಪತ್ತೆಂಟು. ಸಂಧಿವಾತ. ನನ್ನ ಗುರುತು ಹತ್ತಿಲ್ಲ. ಬಂದ ನಾಲ್ಕನೇ ದಿನ ಊಟದ ಮೇಜಿನಲ್ಲಿ ಕಥೆ ಶುರುಮಾಡಿದ.

"ನಮ್ಮಲ್ಲಿ ಒಬ್ಬಳು ಅಡುಗೆಯವಳಿದ್ದಳು. ಕಳ್ಳಿ. ಸುಟ್ಟ ಎಣ್ಣೆ ಹಾಕಿ ಹಾಕಿ ಮಕ್ಕಳಿಗೆ ವಿಷ ಉಣಿಸಿದ್ಲು. ಒಂದು ಮಗೂನ ನಾನೇ ಎತ್ಕೊಂಡು ಆಸ್ಪತ್ರೆಗೆ ಓಡಿದೆ."

ನಿವೃತ್ತ ಟೈಪಿಸ್ಟ್ ಅಜ್ಜಿ ಕೇಳಿದರು: "ಅಯ್ಯೋ, ನಿಮ್ಮ ಕೈಯಲ್ಲೇ ಹೋಯ್ತಾ?"

"ನನ್ನ ಕೈಯಲ್ಲೇ" ಅಂದ. ಕಣ್ಣು ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಅಡುಗೆಯಮ್ಮಾ, ಸೂಪ್ ಇನ್ನೊಂದು ಸೌಟು ಹಾಕಿ. ನಿಮ್ಮ ಕೈರುಚಿ ಚೆನ್ನಾಗಿದೆ."

ಹಾಕಿದೆ, ಗುಬ್ಬಿ.

ಅವತ್ತೇ ನಿನಗೆ ಕಾಗದ ಬರೆದದ್ದು. ನನ್ನ ಬೆರಳಿಗೆ ಏನೂ ಆಗಿಲ್ಲ. ಒಲೆಯ ಹಿಂದೆ ಅವನಿಗೆಂದೇ ಚಿಕ್ಕ ಬಾಣಲೆ ಇಟ್ಟಿದ್ದೇನೆ. ಒಂದೇ ಎಣ್ಣೆ, ಎಂಟು ದಿನ, ಕಾಡಿಗೆಯಾಗುವವರೆಗೆ. ಡಾಕ್ಟರು ಬರೆದ ಮೀನು ಉಳಿದವರ ತಟ್ಟೆಗೆ ಹೋಗುತ್ತದೆ. ಅಮ್ಮ ಮಾಡಿದಳೆಂದು ಅವನು ಹೇಳುವ ಅಡುಗೆ ಇದೆಯಲ್ಲ, ಅದನ್ನೇ ಬಡಿಸುತ್ತಿದ್ದೇನೆ. ಅವನು ಚಮಚ ಬೀಳಿಸಿದಾಗ ಎತ್ತಿಕೊಡುತ್ತೇನೆ. ಆ ಕ್ಷಣಕ್ಕಾಗಿ ಬೆಳಿಗ್ಗೆ ಬೇಗ ಏಳುತ್ತೇನೆ.

ಬುದ್ಧಿ ಹೇಳುವುದಿದ್ದರೆ ಉತ್ತರ ಬರೆಯಬೇಡ.

ಅಕ್ಕ

ಮಾರ್ಚ್ 9

ಅಕ್ಕಾ,

ಬುದ್ಧಿ ಹೇಳುತ್ತಿಲ್ಲ. ಲೆಕ್ಕದ ಮಾತು ಹೇಳುತ್ತೇನೆ. ನಿನ್ನ ಬಾಣಲೆ ಅವನ ಹೃದಯವನ್ನು ಹಾಳು ಮಾಡಬಹುದು, ಅದಕ್ಕೆ ವರ್ಷಗಳು ಬೇಕು. ಹೆಬ್ಬೆರಳು ಬಾತದ್ದು ಅದರಿಂದಲ್ಲ. ಸಂಧಿವಾತ ಇಷ್ಟು ಬೇಗ ಏರಿದೆಯೆಂದರೆ ಅವನು ಮಾತ್ರೆ ನುಂಗುತ್ತಿಲ್ಲ. ಹೋಗಿ ಹುಡುಕು, ಎಲ್ಲೋ ಬಚ್ಚಿಟ್ಟಿರುತ್ತಾನೆ. ನೀನು ಹಾಡು ಗುನುಗಿದ್ದು ನಿನ್ನದಲ್ಲದ ಕೆಲಸಕ್ಕೆ.

ಇನ್ನೊಂದು. ಅವನು ಅಮ್ಮನ ಮೇಲೆ ಹೊರಿಸಿದ್ದು ಸುಳ್ಳು. ನಮ್ಮ ಮನೆತನದ ಅಡುಗೆಯವಳು ಕಪ್ಪು ಎಣ್ಣೆ ಉಣಿಸಿ ಜನರ ಮೈ ಕೆಡಿಸುತ್ತಾಳೆ ಎಂಬುದು ಇಪ್ಪತ್ತೆಂಟು ವರ್ಷ ಸುಳ್ಳಾಗಿತ್ತು. ಈಗ ನೀನು ಅದನ್ನು ನಿಜ ಮಾಡಿದ್ದೀಯ. ಯಾರಾದರೂ ಆ ಬಾಣಲೆ ನೋಡಿದರೆ ಮೊದಲು ನಗುವವನು ಅವನೇ.

ನನಗೆ ಕೋಪವಿಲ್ಲ ಎಂದುಕೊಳ್ಳಬೇಡ. ನಿನಗೆ ಹೇಳದೆ ಇಟ್ಟುಕೊಂಡದ್ದೊಂದಿದೆ. ಐದು ವರ್ಷದ ಹಿಂದೆ ನಮ್ಮ ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೋದಾಗ ಹಳೇ ಕಡತಗಳನ್ನು ನಾನೇ ಕಟ್ಟಿದೆ. ಅದರಲ್ಲಿ ಆ ಹಾಸ್ಟೆಲಿನ ಎಣ್ಣೆಯ ವರದಿ ಸಿಕ್ಕಿತು. ಪೊಲೀಸರು ಬರುವ ಮೊದಲೇ ಮ್ಯಾನೇಜರ್ ತಾನೇ ಎರಡು ಡಬ್ಬ ಕಳಿಸಿದ್ದ, ಒಂದು ತೆರೆದದ್ದು, ಒಂದು ಬೆಸುಗೆ ಬಿಚ್ಚದ್ದು. ಎರಡರಲ್ಲೂ ಒಂದು ಮುಳ್ಳು ಕಳೆಯ ಬೀಜದ ಎಣ್ಣೆ ಬೆರೆತಿತ್ತು. ಕಾಲು ಊದಿಸಿ, ಎದೆಗೆ ನೀರು ತುಂಬಿಸುವುದು ಅದೇ. ಬೆಸುಗೆ ಬಿಚ್ಚದ ಡಬ್ಬದಲ್ಲಿ ಅಮ್ಮ ಏನನ್ನೂ ಬೆರೆಸಿರಲು ಸಾಧ್ಯವಿಲ್ಲ. ವರದಿ ತಲುಪಿತೆಂದು ಅವನ ಸಹಿ ಇದೆ. ವಿಚಾರಣೆ ಮುಗಿಯುವ ಹತ್ತು ದಿನ ಮೊದಲಿನ ತಾರೀಖು. ಅವನಿಗೆ ಗೊತ್ತಿತ್ತು ಅಕ್ಕಾ. ಗೊತ್ತಿದ್ದೇ ಅಮ್ಮನನ್ನು ಒಳಗೆ ಕಳಿಸಿದ.

ನಿನಗೆ ಹೇಳಿದ್ದರೆ ನೀನು ಅವನನ್ನು ಹುಡುಕಿಕೊಂಡು ಹೋಗುತ್ತಿದ್ದೆ, ಏನಾದರೂ ಮಾಡಿಕೊಳ್ಳುತ್ತಿದ್ದೆ. ನಿನ್ನನ್ನೂ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಗುಬ್ಬಿ

ಮಾರ್ಚ್ 16

ಐದು ವರ್ಷ. ಪ್ರತಿ ಸಲ ನಾನು ಬಂದಾಗ ನಿನ್ನ ಪಕ್ಕದಲ್ಲೇ ಮಲಗಿದೆ, ಆ ಕಾಗದ ನಿನ್ನ ಪೆಟ್ಟಿಗೆಯಲ್ಲಿತ್ತು. ನನಗೆ ಬರೆಯಬೇಡ.

ಏಪ್ರಿಲ್ 3

ಅಕ್ಕಾ,

ಬೈದು ಬರೆ. ಖಾಲಿ ಲಕೋಟೆಯಾದರೂ ಕಳಿಸು. ವೃದ್ಧಾಶ್ರಮದ ಆಫೀಸಿಗೆ ಫೋನ್ ಮಾಡಿದೆ, "ಅಡುಗೆಯವರು ಕೆಲಸದಲ್ಲಿದ್ದಾರೆ, ಚೆನ್ನಾಗಿದ್ದಾರೆ" ಅಂದರು. ಅದೊಂದೇ ಸಮಾಧಾನ. ನನ್ನದು ತಪ್ಪು. ಹೆದರಿದವಳ ತಪ್ಪು.

ಗುಬ್ಬಿ

ಏಪ್ರಿಲ್ 27

ಅಕ್ಕಾ,

ನೀನು ಉತ್ತರ ಬರೆಯದಿದ್ದರೂ ಓದುತ್ತೀಯ ಎಂದು ನಂಬಿ ಬರೆಯುತ್ತಿದ್ದೇನೆ.

ಇಷ್ಟು ದಿನ ನಿನ್ನನ್ನು ತಡೆಯುವುದು ಹೇಗೆ ಎಂದು ಯೋಚಿಸಿದೆ. ಈಗ ಹಾಗಲ್ಲ. ಆ ಮಗುವಿನ ಅಣ್ಣನನ್ನು ಹುಡುಕಿದೆ. ಈಗ ಬಸ್ ಓಡಿಸುತ್ತಾನೆ. ಫೋನಿನಲ್ಲಿ ಮಾತಾಡಿದೆ, ನಾನು ಯಾರೆಂದು ಹೇಳಲಿಲ್ಲ. ಅವನು ಏನಂದ ಗೊತ್ತೇ? "ಮ್ಯಾನೇಜರ್ ಸಾಹೇಬ್ರು ದೇವರಂಥೋರು. ನನ್ನ ತಂಗೀನ ಎತ್ಕೊಂಡು ಓಡಿದೋರು ಅವರೇ. ಪ್ರತಿ ವರ್ಷ ಅವರಿಗೊಂದು ಕಾಗದ ಹಾಕ್ತೀನಿ." ಅಮ್ಮನ ಹೆಗಲನ್ನೂ ಆ ಮ್ಯಾನೇಜರ್ ಕದ್ದಿದ್ದಾನೆ.

ಬರಿಯ ವರದಿ ಕಳಿಸಿದರೆ, ಸಹಿ ನನ್ನದಲ್ಲ, ಗುಮಾಸ್ತ ಮಾಡಿರಬೇಕು ಎನ್ನುತ್ತಾನೆ. ನನಗೆ ಅವನ ಬಾಯಿಮಾತು ಬೇಡ, ಅವನ ಕೈಬರಹ ಬೇಕು. ಮೊದಲಿನಿಂದ ಕೊನೆಯವರೆಗೆ, ಅಮ್ಮನ ಪೂರ್ತಿ ಹೆಸರಿನೊಡನೆ. ಅದಕ್ಕೆ ಅವನ ಬೆರಳುಗಳು ಬೇಕು. ಅವನ್ನು ಕೆಡಿಸಬೇಡ ಅಕ್ಕಾ. ಸರಿಮಾಡು. ಮೀನು ಕೊಡು, ಅಗಸೆ ಕೊಡು, ಅಕ್ರೋಟು ಕೊಡು, ಮಾತ್ರೆ ನಿನ್ನ ಕಣ್ಣೆದುರು ನುಂಗಿಸು. ಎದುರು ಕೂತು ಅವನನ್ನು ಗುಣಪಡಿಸು.

ಗುಬ್ಬಿ

ಮೇ 11

ಗುಬ್ಬಿ,

ಸಿಟ್ಟು ಇಳಿದಿಲ್ಲ. ಬದಿಗಿಟ್ಟಿದ್ದೇನೆ.

ಬಾಣಲೆಯನ್ನು ನಿನ್ನ ಮಾರ್ಚ್ ಕಾಗದ ಬಂದ ದಿನವೇ ಎಸೆದೆ. ಅವನ ಮೇಲಿನ ಕರುಣೆಯಿಂದಲ್ಲ. ಅದನ್ನು ಉಜ್ಜುವಾಗ ಅಮ್ಮ ನೋಡುತ್ತಿದ್ದಾಳೆ ಅನಿಸಿತು, ಕೈ ಮುಂದಕ್ಕೆ ಹೋಗಲಿಲ್ಲ.

ಮಾತ್ರೆ ಸಿಕ್ಕವು. ದಿಂಬಿನ ಚೀಲದ ಮೂಲೆಯಲ್ಲಿ, ನಲವತ್ತೊಂದು. "ಹೊಟ್ಟೆ ತೊಳೆಸುತ್ತೆ" ಅಂದನಂತೆ. ನೀನು ಹೇಳಿದ್ದೇ ಸರಿ. ಅಷ್ಟು ಕಷ್ಟಪಟ್ಟು ಮಾಡಿದ ಪಾಪದಲ್ಲೂ ನನಗೆ ಪಾಲು ಸಿಗಲಿಲ್ಲ. ಡಾಕ್ಟರು ಬೇರೆ ಮಾತ್ರೆ ಬರೆದಿದ್ದಾರೆ. ನನ್ನೆದುರು ನುಂಗಿ ಬಾಯಿ ತೆರೆದು ತೋರಿಸಬೇಕು, ಮೇಟ್ರನ್ ಹೇಳಿಬಿಟ್ಟಿದ್ದಾರೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ವರದಿಯನ್ನು ಅವನ ಕೋಣೆಗೆ ಒಯ್ದೆ. ಮಂಡಿಯೂ ಬಾತು ನಡೆಯಲಾಗದೆ ಈಗ ಕೋಣೆಯಲ್ಲೇ ಉಣ್ಣುತ್ತಾನೆ, ಕಿಟಕಿಯ ಪಕ್ಕ ಕೂತಿದ್ದ. ಕನ್ನಡಕ ನಾನೇ ಹಾಕಿದೆ.

ಓದಿದ. ಬಹಳ ಹೊತ್ತು ಓದಿದ. "ಎಲ್ಲಿ ಸಿಕ್ಕಿತು?" ಅಂದ.

"ನಾನು ಆ ಅಡುಗೆಯವಳ ಮಗಳು."

ನನ್ನ ಮುಖ ನೋಡಿದ. ಹೆದರುತ್ತಾನೆ ಎಂದುಕೊಂಡಿದ್ದೆ. ಅವನು ಮೊದಲು ನೋಡಿದ್ದು ತಿಂದು ಮುಗಿಸಿದ ತಟ್ಟೆಯ ಕಡೆ. ಅದನ್ನು ನೋಡಿ ನನಗಾದ ಸಂತೋಷ ನಿನಗೆ ಹೇಗೆ ಹೇಳಲಿ.

"ಮೀನು ಒಳ್ಳೇದೇ" ಅಂದೆ. "ನಿಮ್ಮ ಮಗಳು ಪ್ರತಿ ಶನಿವಾರ ಬರ್ತಾರಲ್ಲ, ಇದರ ಒಂದು ಪ್ರತಿ ಅವರ ಕೈಗೆ ಕೊಡಬಹುದು. ಅಥವಾ ನಡೆದಿದ್ದನ್ನ ನೀವೇ ಬರೆದು ಮೊದಲು ಅವರಿಗೆ ಓದಿ ಹೇಳಬಹುದು. ಯಾವುದು ಬೇಕೋ ನೋಡಿ."

ಎರಡೂ ಕೈ ಎತ್ತಿ ತೋರಿಸಿದ. ತುಟಿಯಲ್ಲಿ ಸಣ್ಣ ನಗೆ. "ಈ ಕೈಯಲ್ಲಿ ಪೆನ್ ನಿಲ್ಲುತ್ತೇನಮ್ಮ? ನೀವು ಬರಕೊಳ್ಳಿ, ನಾನು ಹೇಳ್ತೀನಿ. ಆದ್ರೆ ನಿಮ್ಮ ಕೈಬರಹ ಯಾರು ನಂಬ್ತಾರೆ?"

"ಆತುರವಿಲ್ಲ" ಅಂದೆ. "ನಿಮ್ಮ ಕೈ ನಾನು ನೋಡ್ಕೋತೀನಿ."

ನಗೆ ನಿಂತಿತು. ಇವತ್ತು ಬೆಳಿಗ್ಗೆ ಬಂಗುಡೆ ತರಿಸಿದೆ.

ಅಕ್ಕ

ಆಗಸ್ಟ್ 29

ಗುಬ್ಬಿ,

ಮೂರೂವರೆ ತಿಂಗಳಾಯಿತು. ಸೋಮವಾರ, ಬುಧವಾರ, ಶುಕ್ರವಾರ ಮೀನು. ಬೆಳಗಿನ ಓಟ್ಸ್ ಗಂಜಿಗೆ ಅಗಸೆ ಪುಡಿ. ನಾಲ್ಕು ಗಂಟೆಗೆ ಅಕ್ರೋಟು, ಸುಲಿದು, ಬಿಡಿಸಿ. ಕರಿದದ್ದು ಬಂದ್. ಮೊದಮೊದಲು ತಟ್ಟೆ ಸರಿಸುತ್ತಿದ್ದ. ನಾನು ಎದುರು ಕೂತು ಅದೇ ತಟ್ಟೆಯಿಂದ ಒಂದು ತುಂಡು ತಿಂದು ತೋರಿಸುತ್ತಿದ್ದೆ. ಹಸಿವಾಗಿ ತಿಂದ. ಹಸಿವಿಗೆ ಮಾನ ಇಲ್ಲ.

ಜುಲೈನಲ್ಲಿ ಬೆಳಗಿನ ಬಿಗಿತ ಎರಡು ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ರಕ್ತದಲ್ಲಿನ ಉರಿಯೂತದ ಅಂಕಿ ಅರ್ಧಕ್ಕಿಂತ ಕೆಳಗೆ ಬಂದಿದೆ. ಡಾಕ್ಟರು ಅಡುಗೆಮನೆಗೇ ಬಂದು, "ಹೆಚ್ಚಿನ ಕೆಲಸ ಮಾತ್ರೆಯದು, ಆದರೆ ನಿಮ್ಮ ಊಟ ಇಲ್ಲದಿದ್ರೆ ಇಷ್ಟು ಬೇಗ ಆಗ್ತಿರಲಿಲ್ಲ. ಹೆತ್ತ ಮಕ್ಕಳೂ ಹೀಗೆ ನೋಡ್ಕೊಳ್ಳಲ್ಲ" ಅಂದರು. ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಕಳೆದ ಗುರುವಾರ ಕಾಗದ, ಪೆನ್ನು, ಹಲಗೆ ಒಯ್ದೆ. ಅವನ ಅಂಗಿಯ ಐದೂ ಗುಂಡಿ ಹಾಕಿತ್ತು.

"ಈ ಗುಂಡಿ ಯಾರು ಹಾಕಿದ್ರು?"

ಪೆನ್ನು ತೆಗೆದುಕೊಂಡ.

ಮೊದಲ ಕಾಗದದಲ್ಲಿ 'ಕೆಲವು ಅಚಾತುರ್ಯಗಳಿಂದ' ಎಂದು ಬರೆದ. ಹರಿದೆ. ಎರಡನೆಯದರಲ್ಲಿ 'ಅಂದಿನ ಅಡುಗೆಯವಳು' ಎಂದ. "ಹೆಸರು ಬರೀರಿ, ಪೂರ್ತಿ" ಅಂದು ಹರಿದೆ. ಮೂರನೆಯದರಲ್ಲಿ ಎಲ್ಲ ಬಂತು: ಗೆಳೆಯನ ಗೋದಾಮು, ಅಮ್ಮ ವಾಸನೆ ಹೇಳಿದ್ದು, ಬಂದ ವರದಿ, ಮುಚ್ಚಿಟ್ಟದ್ದು. ಕೊನೆಗೆ ನಿಲ್ಲಿಸಿದ.

"ಇನ್ನೇನಮ್ಮ?"

"ಆ ಮಗೂನ ಎತ್ಕೊಂಡು ಓಡಿದ್ದು ಯಾರು?"

ಅಲ್ಲಿ ಅಳತೊಡಗಿದ. ಮಗುವನ್ನು ಕೊಂದದ್ದಕ್ಕಲ್ಲ, ಆ ಕಥೆ ಬಿಟ್ಟುಕೊಡುವುದಕ್ಕೆ ಅತ್ತ. ನಾನು ಕಾದೆ. ನೀರೂ ಕೊಡಲಿಲ್ಲ. ಕಾಲು ಗಂಟೆಯ ಮೇಲೆ ಬರೆದ, ನೆಟ್ಟಗಿನ ಅಕ್ಷರದಲ್ಲಿ. ಸಹಿ ಹಾಕುವಾಗ ಕೈ ಒಂಚೂರೂ ಅಲುಗಲಿಲ್ಲ. ನನ್ನ ಕೆಲಸದ ಮೇಲೆ ನನಗೇ ಹೆಮ್ಮೆಯಾಯಿತು.

ಶನಿವಾರ ಮಗಳಿಗೆ ಓದಿ ಹೇಳಿದ. ಅವಳು ಚೀಲ ಎತ್ತಿಕೊಂಡು ಹೊರಟುಹೋದಳು. ಮೂಲಪ್ರತಿ ಇದರಲ್ಲಿದೆ.

ಅಕ್ಕ

ಸೆಪ್ಟೆಂಬರ್ 24

ಅಕ್ಕಾ,

ಪ್ರಯೋಗಾಲಯದ ಮೇಜಿನ ಮುಂದೆ ಕೂತು ಓದಿದೆ. ಅಮ್ಮನ ಹೆಸರು ಅವನ ಅಕ್ಷರದಲ್ಲಿ. ಅವತ್ತು ಒಂದು ಪರೀಕ್ಷೆಯನ್ನೂ ಸರಿಯಾಗಿ ಮಾಡಲಾಗಲಿಲ್ಲ.

ಹಾಸ್ಟೆಲಿಗೆ, ಅಲ್ಲಿನ ಪತ್ರಿಕೆಗೆ, ಆ ಮಗುವಿನ ಅಣ್ಣನಿಗೆ ಪ್ರತಿ ಕಳಿಸಿದೆ. ಪತ್ರಿಕೆಯಲ್ಲಿ ಮೂರನೇ ಪುಟದಲ್ಲಿ ಬಂತು. ಹಾಸ್ಟೆಲಿನವರು ನಾಲ್ಕು ಸಾಲಿನ ಉತ್ತರ ಕೊಟ್ಟರು: ಅಮ್ಮನ ಮೇಲಿನ ಆರೋಪವನ್ನು ತಮ್ಮ ದಾಖಲೆಯಿಂದ ತೆಗೆದಿದ್ದೇವೆ, ವಿಷಾದವಿದೆ. ದೊಡ್ಡಮ್ಮನ ಮಗ ಫೋನ್ ಮಾಡಿ, "ನಮಗೆ ಮೊದಲೇ ಅನುಮಾನ ಇತ್ತು" ಅಂದ. ಫೋನ್ ಇಟ್ಟೆ. ಬಸ್ಸಿನ ಅಣ್ಣ ಮಾತ್ರ ವೃದ್ಧಾಶ್ರಮದ ವಿಳಾಸ ಕೇಳಿದ, ಕೊಟ್ಟೆ.

ನನಗೆ ಸಾಕಾಯಿತು ಅಕ್ಕಾ. ಸೇಡು ಬೇಕೆಂದವಳು ನಾನೇ, ಈಗ ಅದರ ವಾಸನೆ ನನ್ನ ಬಟ್ಟೆಗೆ ಹತ್ತಿದ ಹಾಗಿದೆ. ಆ ಕೆಲಸ ಬಿಡು. ಇಲ್ಲಿ ಎರಡು ಕೋಣೆ ಇವೆ, ನನ್ನ ಜೊತೆ ಬಂದಿರು.

ಗುಬ್ಬಿ

ನವೆಂಬರ್ 5

ಗುಬ್ಬಿ,

ನೀನು ಕರೆದದ್ದಕ್ಕೆ ಕಣ್ಣು ತುಂಬಿತು. ಐದು ವರ್ಷದ ಸಿಟ್ಟೂ ಅದರ ಜೊತೆ ಹೋಯಿತು. ಆದರೆ ಬರುವುದಿಲ್ಲ.

ಬಸ್ಸಿನ ಅಣ್ಣ ಕಳೆದ ತಿಂಗಳ ಮೊದಲ ಭಾನುವಾರ ಬಂದ. ಸಮವಸ್ತ್ರದಲ್ಲೇ ಇದ್ದ. ಮೊದಲು ಅಡುಗೆಮನೆಗೆ ಬಂದು ನನ್ನ ಕಾಲು ಮುಟ್ಟಲು ಬಗ್ಗಿದ, ತಡೆದೆ. "ನಿಮ್ಮಮ್ಮ ನಮ್ಮ ಬೀದೀಲಿ ಹೋಗ್ತಿದ್ದಾಗ ಕಲ್ಲು ಹೊಡೆದಿದ್ದೀನಿ. ಆಗ ಹನ್ನೆರಡು ವರ್ಷ ನನಗೆ" ಅಂದ. ಒಂದು ಲೋಟ ಚಹಾ ಕೊಟ್ಟೆ. ಅಮ್ಮ ಹೇಳಿದ್ದನ್ನು ಹೇಳಿದೆ: ಹೆಗಲ ಮೇಲೆ ಆ ಮಗು ದಾರಿಯುದ್ದಕ್ಕೂ, ಅಣ್ಣನಿಗೆ ಹೇಳಬೇಡಿ, ಹೆದರ್ತಾನೆ ಅನ್ನುತ್ತಿತ್ತಂತೆ. ಅವನು ಲೋಟ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತ.

ಆಮೇಲೆ ಭೇಟಿಯ ಕೋಣೆಗೆ ಹೋದ. ಮ್ಯಾನೇಜರ್ ತಾನೇ ನಡೆದುಕೊಂಡು ಬಂದು ಎದುರು ಕೂತ. ಬೈಗುಳ, ಹೊಡೆತ ಎಲ್ಲಕ್ಕೂ ಸಿದ್ಧನಾಗಿ ಭುಜ ಕುಗ್ಗಿಸಿದ್ದ. ಬಸ್ಸಿನ ಅಣ್ಣ ಏನೂ ಮಾಡಲಿಲ್ಲ. ಒಂದು ಗಂಟೆ ಸುಮ್ಮನೆ ನೋಡುತ್ತ ಕೂತ. ಎದ್ದಾಗ, "ಮುಂದಿನ ತಿಂಗಳು ಬರ್ತೀನಿ" ಅಂದ. ಈ ಭಾನುವಾರವೂ ಬಂದ. ಹಾಗೆಯೇ ಕೂತ, ಹಾಗೆಯೇ ಹೋದ.

ಈಗ ಊಟದ ಮೇಜಿನಲ್ಲಿ ಮ್ಯಾನೇಜರ್ ಪಕ್ಕದ ಎರಡೂ ಕುರ್ಚಿ ಖಾಲಿ. ಟೈಪಿಸ್ಟ್ ಅಜ್ಜಿ ಜಾಗ ಬದಲಿಸಿದ್ದಾರೆ. ಕೋಣೆಗೆ ಊಟ ತರಿಸಿಕೊಳ್ಳುತ್ತೇನೆಂದು ಕೇಳಿದ. ನಡೆಯಲಾಗದವರಿಗೆ ಮಾತ್ರ ಆ ಸೌಕರ್ಯ ಎಂದು ಮೇಟ್ರನ್ ಹೇಳಿದರು. ಮಗಳು ಬರುತ್ತಿಲ್ಲ.

ನಿನ್ನೆ ಬೆಳಿಗ್ಗೆ ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ನನಗೆ ಹುಷಾರಿಲ್ಲ ಅಂತ ಆ ಬಸ್ಸಿನವನಿಗೆ ಹೇಳಿಬಿಡಮ್ಮ. ಬರಬೇಡ ಅನ್ನು" ಅಂದ.

"ನಿಮಗೇನಾಗಿದೆ? ಗಟ್ಟಿಮುಟ್ಟಾಗಿದ್ದೀರಿ."

"ಆ ಮೀನು, ಆ ಬೀಜ, ಎಲ್ಲ ನಿಲ್ಲಿಸಿಬಿಡು. ಕೈ ಮುಗೀತೀನಿ." ನಿಜವಾಗಿ ಮುಗಿದ. ಬೆರಳುಗಳು ನೆಟ್ಟಗೆ ಕೂಡಿಕೊಂಡವು, ಒಂದೂ ಸೊಟ್ಟಗಿರಲಿಲ್ಲ.

ಅಮ್ಮನಿಗೆ ಹನ್ನೊಂದು ವರ್ಷ ಸಿಕ್ಕಿತ್ತು. ಇವನಿಗೆ ಅಷ್ಟಾದರೂ ಸಿಗಬೇಡವೇ? ಇದು ಸರಿಯೋ ತಪ್ಪೋ ಎಂದು ನಿನ್ನನ್ನು ಕೇಳುತ್ತಿಲ್ಲ. ನಾನು ಯಾರಿಗೂ ವಿಷ ಹಾಕುತ್ತಿಲ್ಲ, ಕೆಟ್ಟ ಮಾತೊಂದನ್ನೂ ಆಡುತ್ತಿಲ್ಲ. ನನ್ನ ಅಡುಗೆಮನೆಯನ್ನು ಯಾರು ಬೇಕಾದರೂ ಬಂದು ಪರೀಕ್ಷಿಸಲಿ, ನೀನೇ ಬಂದು ಪರೀಕ್ಷಿಸು. ಡಾಕ್ಟರು ನಿನ್ನೆ ಎದೆಯನ್ನೂ ನೋಡಿ, "ಈ ವಯಸ್ಸಿಗೆ ಅಪರೂಪ, ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ" ಅಂದರು. ಅದನ್ನು ಕೇಳಿ ಅವನು ಕಣ್ಣು ಮುಚ್ಚಿಕೊಂಡ.

ನಾಳೆ ಬುಧವಾರ. ಮೀನಿನವನು ಎಂಟಕ್ಕೆ ಬರುತ್ತಾನೆ. ಒಳ್ಳೆಯದನ್ನೇ ಆರಿಸಬೇಕು, ಬೇಗ ಮಲಗುತ್ತೇನೆ.

ಅಕ್ಕ